ಘಟ್ಟ ಹತ್ತಿ ಬಂದವರು, ಘಟ್ಟ ಇಳಿದು ಹೋದವರು

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾಡು, ನದಿ, ಅಣೆಕಟ್ಟು, ಗಣಿಗಾರಿಕೆಗಳ ಬಗ್ಗೆ ಈ ವೇದಿಕೆಯಿಂದ ಅನೇಕ ಸಲ ಮಾತುಗಳು ಬಂದಿವೆ. ಇಂದು ನನಗೆ ಒಪ್ಪಿಸಿರುವ ವಿಷಯ ಬೇರೆ: ದುಡಿಯುವ ವಯಸ್ಸಿನ ಗ್ರಾಮೀಣ ಜನರ ವಲಸೆ ಮತ್ತು ಅವರ ಆರೋಗ್ಯ. ಇದು ಕಾರ್ಮಿಕ ಸಂಘದವರು ಆಡಬೇಕಾದ ಮಾತಲ್ಲವೇ, ಪರಿಸರ ಬಳಗಕ್ಕೆ ಇದರ ಉಸಾಬರಿ ಏಕೆ ಎಂದು ಬೆಳಗ್ಗೆ ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಒಂದು ವಾಕ್ಯದಲ್ಲಿ ಉತ್ತರಿಸಲಾಗದ ಕಾರಣ ಸ್ವಲ್ಪ ಸಮಯ ತೆಗೆದುಕೊಳ್ಳುತ್ತೇನೆ.

ಮೊದಲಿಗೆ ಒಂದೆರಡು ಅಂಕಿಗಳು. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಹೆಚ್ಚಿತು. ಬೆಂಗಳೂರು ನಗರ ಜಿಲ್ಲೆ ಶೇ. 47ರಷ್ಟು ಬೆಳೆಯಿತು. ಅದೇ ಹತ್ತು ವರ್ಷಗಳಲ್ಲಿ ಕೊಡಗು ಬೆಳೆದದ್ದು ಸುಮಾರು ಶೇ. 1ರಷ್ಟು. ಚಿಕ್ಕಮಗಳೂರು ಜಿಲ್ಲೆ ಬೆಳೆಯಲೇ ಇಲ್ಲ. 11,40,905 ಇದ್ದದ್ದು 11,37,961ಕ್ಕೆ ಇಳಿಯಿತು. ಹುಟ್ಟುವ ಮಕ್ಕಳ ಸಂಖ್ಯೆ ಕಡಿಮೆಯಾದದ್ದು ಇದಕ್ಕೊಂದು ಕಾರಣ ನಿಜ. ಆದರೆ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗ ಹುಡುಗಿಯರು ಘಟ್ಟ ಇಳಿದು ಹೋದದ್ದು ಅದಕ್ಕಿಂತ ಕಣ್ಣಿಗೆ ಕಾಣುವ ಕಾರಣ. 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಹೀಗಾಗಿ ಆಮೇಲಿನದನ್ನು ನಾವು ನಮ್ಮ ನಮ್ಮ ಕೇರಿಗಳ ಮುಚ್ಚಿದ ಬಾಗಿಲುಗಳನ್ನು ಎಣಿಸಿಯೇ ತಿಳಿಯಬೇಕಾಗಿದೆ.

ಜನ ಕಡಿಮೆಯಾದರೂ ಕೆಲಸ ಕಡಿಮೆಯಾಗಲಿಲ್ಲ. ಕಾಫಿ ಹಣ್ಣಾಗುವುದು ನಿಲ್ಲಲಿಲ್ಲ, ಅಡಿಕೆ ಕೊನೆ ಬಲಿಯುವುದು ನಿಲ್ಲಲಿಲ್ಲ. ಆ ಕೆಲಸಕ್ಕೆ ರಾಯಚೂರು, ಕೊಪ್ಪಳ, ಯಾದಗಿರಿಗಳ ಕಡೆಯಿಂದ ಗುಳೆ ಹೊರಟವರು ಬಂದರು. ಆ ಮೇಲೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದರು. ಇತಿಹಾಸದ ವಿಚಿತ್ರವೊಂದು ಇಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಛೋಟಾನಾಗಪುರದ ಆದಿವಾಸಿಗಳನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಅಸ್ಸಾಮಿನ ಚಹಾ ತೋಟಗಳಿಗೆ ಸಾಗಿಸಲಾಗಿತ್ತು. ಇಂದು ಅದೇ ಅಸ್ಸಾಮಿನ ಹಳ್ಳಿಗಳಿಂದ ಎರಡು ಮೂರು ದಿನ ರೈಲಿನಲ್ಲಿ ಕುಳಿತು, ಅಲ್ಲಿಂದ ಬಸ್ಸು ಹತ್ತಿ, ನಮ್ಮ ಕಾಫಿ ತೋಟಗಳ ಲೈನ್‌ಮನೆಗಳಿಗೆ ಜನ ಬಂದು ಇಳಿಯುತ್ತಿದ್ದಾರೆ.

ರಾಯಚೂರಿನ ಕಡೆಯ ಹೆಣ್ಣುಮಗಳೊಬ್ಬಳನ್ನು ಕೊಯ್ಲಿನ ಕಾಲದಲ್ಲಿ ಮಾತನಾಡಿಸಿದ್ದೆ. ‘ನಮ್ಮ ಊರಾಗ ಮಳಿ ಒಂದು ಇಲ್ರಿ ಅಣ್ಣಾರ, ಇಲ್ಲಿ ಮಳಿ ಬಿಟ್ರ ಬ್ಯಾರೆ ಏನೂ ನಮ್ಮದಲ್ರಿ’ ಎಂದಳು. ವರ್ಷಕ್ಕೆ 700 ಮಿಲಿಮೀಟರಿನೊಳಗೆ ಮಳೆ ಬೀಳುವ ಸೀಮೆಯವಳು, ಅದರ ಹಲವು ಪಾಲು ಮಳೆ ಸುರಿಯುವ ನಾಡಿಗೆ ಬಂದು ಆಡಿದ ಮಾತು ಅದು.

ಮುಂಗಡದ ಹಗ್ಗ

ಮಲೆನಾಡಿಗೆ ಹೊರಗಿನ ಕೂಲಿಗಳು ಬರುವುದು ಹೊಸತೇನಲ್ಲ. ಕಾಫಿ ತೋಟಗಳು ಆರಂಭವಾದ ಕಾಲದಿಂದಲೂ ದಕ್ಷಿಣ ಕನ್ನಡದಿಂದ ಜನ ಮೇಸ್ತ್ರಿಯ ಹಿಂದೆ ಘಟ್ಟ ಹತ್ತುತ್ತಿದ್ದರು. ಮೇಸ್ತ್ರಿ ಕೊಟ್ಟ ಮುಂಗಡವೇ ಅವರನ್ನು ಕಟ್ಟಿ ತಂದ ಹಗ್ಗ. 1859ರಲ್ಲಿ ಬ್ರಿಟಿಷರು ತಂದ ಕಾಯ್ದೆಯೊಂದರ ಪ್ರಕಾರ ಮುಂಗಡ ಪಡೆದ ಕೂಲಿ ಕೆಲಸ ಬಿಟ್ಟು ಹೋದರೆ ಅದು ಶಿಕ್ಷಾರ್ಹ ಅಪರಾಧವಾಗಿತ್ತು. ಮಾಲೀಕ ಕೂಲಿ ಕೊಡದೆ ಸತಾಯಿಸಿದರೆ ಮಾತ್ರ ಅದೇ ಬಗೆಯ ಶಿಕ್ಷೆ ಇರಲಿಲ್ಲ. ಆ ಕಾಯ್ದೆ ರದ್ದಾದದ್ದು 1920ರ ದಶಕದಲ್ಲಿ. ಜೀತ ಪದ್ಧತಿಯನ್ನು ಕಾನೂನು ಸಂಪೂರ್ಣ ನಿಷೇಧಿಸಿದ್ದು 1976ರಲ್ಲಿ.

ಆ ಕಾಲದ ತೋಟಗಳಲ್ಲಿ ಕೂಲಿಗಳನ್ನು ಕೊಂದದ್ದು ಮಲೇರಿಯಾ. ಅದು ಕೂಲಿಗಳನ್ನು ಮಾತ್ರವಲ್ಲ, ಮಲೆನಾಡಿನ ಊರೂರುಗಳನ್ನೇ ಬರಿದು ಮಾಡಿತ್ತು. ಹಳೆಯ ಮೈಸೂರು ಸಂಸ್ಥಾನ ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕ ಯೋಜನೆ ಹಾಕಬೇಕಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಡಿಡಿಟಿ ಸಿಂಪಡಿಸಿದ ಮೇಲೆ ಜ್ವರ ಇಳಿಯಿತು. ನಾವು ಇಂದು ನೆಮ್ಮದಿಯಿಂದ ‘ನಮ್ಮೂರು’ ಎನ್ನುವ ಎಷ್ಟೋ ಊರುಗಳಲ್ಲಿ ಜನ ಗಟ್ಟಿಯಾಗಿ ನೆಲೆ ನಿಂತದ್ದು ಆ ನಂತರವೇ. ಡಿಡಿಟಿಯ ಬಗ್ಗೆ ಪರಿಸರವಾದಿಗಳಿಗೆ ಇರುವ ಸಿಟ್ಟು ನನಗೂ ಇದೆ. ಆದರೆ ಈ ಭಾಗದ ಇತಿಹಾಸವನ್ನು ಹೇಳುವಾಗ ಇದನ್ನು ಮರೆಮಾಚಲು ಬಾರದು.

ಮುಂಗಡದ ಪದ್ಧತಿ ಕಾನೂನಿನ ಪುಸ್ತಕದಿಂದ ಹೋದರೂ ತೋಟದಿಂದ ಹೋಗಿಲ್ಲ. ಗುಂಪಿನ ಯಜಮಾನನಿಗೆ ಊರಿನಲ್ಲೇ ಹಣ ಸಂದಾಯವಾಗುತ್ತದೆ. ಲೆಕ್ಕ ಅವನ ಕೈಯಲ್ಲಿರುತ್ತದೆ. ಕಾಫಿ ಕೊಯ್ಲಿನ ಕೂಲಿ ಹೆಚ್ಚಿನ ಕಡೆ ಕಿಲೋ ಲೆಕ್ಕದ್ದು. ಅದರಿಂದ ಆಗುವ ಪರಿಣಾಮ ಹೊರಗಿನವರಿಗೆ ತಕ್ಷಣ ಕಾಣುವುದಿಲ್ಲ. ಕಿಲೋ ಲೆಕ್ಕದಲ್ಲಿ ದುಡಿಯುವವಳಿಗೆ ನೀರು ಕುಡಿಯಲು ಎದ್ದು ಹೋಗುವುದೂ ನಷ್ಟ, ಮೂತ್ರಕ್ಕೆ ಹೋಗುವುದೂ ನಷ್ಟ. ತೋಟದಲ್ಲಿ ಶೌಚಾಲಯವಿಲ್ಲದಿದ್ದರೆ ಬೆಳಗ್ಗೆಯಿಂದಲೇ ನೀರು ಕುಡಿಯದೆ ಇರುವುದು ಅವಳು ಕಂಡುಕೊಂಡ ಉಪಾಯ. ಉರಿಮೂತ್ರ, ಸೊಂಟನೋವು, ತಲೆ ತಿರುಗುವುದು ಎಂದು ಅವರು ಹೇಳುವ ತೊಂದರೆಗಳ ಮೂಲ ಎಷ್ಟೋ ಸಲ ಇಲ್ಲಿದೆ. ಇದರ ಮೇಲೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು.

ಗಂಡಸರಿಗೆ ಬೇರೆ ಬಗೆಯ ಅಪಾಯ. ಅಡಿಕೆಗೆ ಕೊಳೆರೋಗ ಬರುವುದು ಮಳೆಗಾಲದಲ್ಲಿ. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣ ಹೊಡೆಯಬೇಕಾದದ್ದೂ ಮಳೆಗಾಲದಲ್ಲೇ. ಹಾವಸೆ ಕಟ್ಟಿ ಜಾರುವ ಮರವನ್ನು ಆಗಲೇ ಏರಬೇಕು. ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡು ಮೂವತ್ತು ಮೂವತ್ತೈದರ ವಯಸ್ಸಿಗೇ ಹಾಸಿಗೆ ಹಿಡಿದ ಕೊನೆಗಾರರು ನಮ್ಮೆಲ್ಲರಿಗೂ ಗೊತ್ತಿರುವವರೇ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊಯ್ಯುವುದು, ಔಷಧಿ ಹೊಡೆಯುವುದು ಸಾಧ್ಯವಾಗಿದೆ. ನನ್ನ ದೃಷ್ಟಿಯಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಅಡಿಕೆ ನಾಡಿಗೆ ಬಂದ ಅತ್ಯುತ್ತಮ ವಸ್ತು ಅದು. ಬೆಲೆ ಮಾತ್ರ ಸಣ್ಣ ಹಿಡುವಳಿದಾರನ ಕೈಗೆ ಸುಲಭವಾಗಿ ಎಟುಕುವಂಥದ್ದಲ್ಲ.

ರಾಜ್ಯದ ಗಡಿಯನ್ನೇ ಎಣಿಸುವ ಕಾನೂನು

ವಲಸೆ ಕಾರ್ಮಿಕರಿಗೆ ಕಾನೂನಿನ ರಕ್ಷಣೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರ ಮೂಲಕ ಬೇರೆ ರಾಜ್ಯದಿಂದ ಬಂದವರಿಗೆ ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ, ವಸತಿ, ವೈದ್ಯಕೀಯ ಸೌಲಭ್ಯಗಳನ್ನು ಹೇಳಿತ್ತು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ಶೌಚಾಲಯ, ಶಿಶುವಿಹಾರ ಎಲ್ಲವನ್ನೂ ಹೇಳಿತ್ತು. ಈ ಎರಡನ್ನೂ ಒಳಗೊಂಡು ಇನ್ನಷ್ಟು ಕಾಯ್ದೆಗಳನ್ನು ಸೇರಿಸಿ 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಗುತ್ತಿಗೆದಾರನಿಲ್ಲದೆ ತಾನಾಗಿಯೇ ಬಂದವನನ್ನೂ ವಲಸೆ ಕಾರ್ಮಿಕನೆಂದು ಅದು ಒಪ್ಪಿದೆ, ಇದು ಒಳ್ಳೆಯದು. ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿದೆ, ಇದು ಒಳ್ಳೆಯದಲ್ಲ.

ಆದರೆ ಹಳೆಯ ಕಾಯ್ದೆಯಾಗಲಿ ಹೊಸ ಸಂಹಿತೆಯಾಗಲಿ ಎಣಿಸುವುದು ರಾಜ್ಯದ ಗಡಿಯನ್ನು. ಅಸ್ಸಾಮಿನವನು ಕೊಡಗಿಗೆ ಬಂದರೆ ವಲಸೆ ಕಾರ್ಮಿಕ. ಯಾದಗಿರಿಯವಳು ನೂರಾರು ಕಿಲೋಮೀಟರ್ ದಾಟಿ, ಮಕ್ಕಳನ್ನು ಶಾಲೆ ಬಿಡಿಸಿ ಕರೆದುಕೊಂಡು ಅದೇ ತೋಟಕ್ಕೆ ಬಂದರೆ ಅವಳು ವಲಸೆ ಕಾರ್ಮಿಕಳಲ್ಲ. ಅವಳು ಕನ್ನಡದವಳು, ಅವಳದು ನಮ್ಮದೇ ರಾಜ್ಯ. ಆ ಕಾರಣಕ್ಕೇ ಅವಳಿಗೆ ಏನೂ ಇಲ್ಲ. ಲೈನಿನ ಒಂದೇ ಸಾಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಮಲಗುತ್ತಾರೆ.

ಇನ್ನೊಂದು ತೊಡಕು ಅಳತೆಯದು. 1951ರ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿದ್ದುದು 5 ಹೆಕ್ಟೇರ್ ಮತ್ತು 15 ಕೆಲಸಗಾರರಿಗೆ ಮೇಲ್ಪಟ್ಟ ತೋಟಗಳಿಗೆ; ಅದೂ ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ಬೆಳೆಗಳಿಗೆ. ಅಡಿಕೆ ಆ ಪಟ್ಟಿಯಲ್ಲೇ ಇರಲಿಲ್ಲ. ದೇಶದ ಕಾಫಿ ಬೆಳೆಗಾರರಲ್ಲಿ ಶೇ. 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿನೊಳಗಿನ ಹಿಡುವಳಿದಾರರು, ಅವರಲ್ಲಿ ಬಹುಪಾಲು ಇನ್ನೂ ಚಿಕ್ಕವರು. ದೊಡ್ಡ ಎಸ್ಟೇಟಿನಲ್ಲಿ ಕಾನೂನು ಇತ್ತು, ಪಾಲನೆ ಎಷ್ಟೆಂಬುದು ಬೇರೆ ಮಾತು. ಸಣ್ಣ ತೋಟದಲ್ಲಿ ಕಾನೂನೇ ಇರಲಿಲ್ಲ. ಈ ಸಭೆಯಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಸಣ್ಣ ಬೆಳೆಗಾರರು. ನಮ್ಮ ತೋಟಕ್ಕೆ ಕೂಲಿಗೆ ಬಂದವರು ಎಲ್ಲಿ ಮಲಗುತ್ತಾರೆ ಎಂಬುದನ್ನು ಯಾವ ಅಧಿಕಾರಿಯೂ ಬಂದು ನೋಡುವುದಿಲ್ಲ.

ಇನ್ನು ಹೊರಗಿನಿಂದ ಬಂದವರ ಮಾತು ಹೀಗಿರುವಾಗ, ಇಲ್ಲಿಯವರೇ ಆದ ಪಣಿಯ, ಯರವ, ಜೇನುಕುರುಬರದು ಇನ್ನೊಂದು ಕಥೆ. ಕೊಡಗಿನ ಲೈನ್‌ಮನೆಗಳಲ್ಲಿ ತಲೆಮಾರುಗಳನ್ನೇ ಕಳೆದ ಕುಟುಂಬಗಳು 2016ರಲ್ಲಿ ಸ್ವಂತ ಸೂರು ಬೇಕೆಂದು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದು, ಡಿಸೆಂಬರಿನ ಚಳಿಯಲ್ಲಿ ಅವನ್ನು ಕಿತ್ತೆಸೆದದ್ದು ನೆನಪಿರಬಹುದು. ಅರಣ್ಯ ಉಳಿಯಲಿ ಎನ್ನುವ ನಮಗೆ ಆ ಘಟನೆ ಒಡ್ಡಿದ ಪ್ರಶ್ನೆ ಸುಲಭದ್ದಲ್ಲ. ಆ ಜನ ಅಷ್ಟು ಹಟದಿಂದ ಕಾಡಿನಂಚಿಗೆ ಹೋದದ್ದು ಕಾಡಿನ ಮೇಲಿನ ದ್ವೇಷದಿಂದಲ್ಲ, ಲೈನು ಬಿಟ್ಟು ಹೋಗಲು ಬೇರೆ ನೆಲವಿಲ್ಲದ್ದರಿಂದ. ಇಷ್ಟನ್ನು ಮಾತ್ರ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಕಾಡಿನ ಜ್ವರ, ಊರಿನ ವೈದ್ಯ

ಪರಿಸರ ಬಳಗಕ್ಕೆ ಈ ವಿಷಯ ಏಕೆ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಊರುಗಳಲ್ಲಿ ಜ್ವರ ಬಂತು. ಹಾಗೆ ಪತ್ತೆಯಾದ ಮಂಗನ ಕಾಯಿಲೆ ಆ ಕಾಡಿನ ಹೆಸರಿನಿಂದಲೇ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಹೆಸರಾಯಿತು. ಉಣುಗು ಕಚ್ಚಿ ಬರುವ ಕಾಯಿಲೆ ಅದು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಡು ಒಣಗುತ್ತಾ ಹೋಗುವ ಕಾಲದಲ್ಲಿ ಅದರ ಹಾವಳಿ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡುವುದಕ್ಕಾಗಿ ಕಾಡು ಕಡಿದ ಮೇಲೆ 1980ರ ದಶಕದ ಆರಂಭದಲ್ಲಿ ಅದು ಭೀಕರವಾಗಿ ಎದ್ದಿತು. 2018–19ರ ಬೇಸಿಗೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಏನು ಮಾಡಿತೆಂದು ಇಲ್ಲಿ ಕುಳಿತವರಿಗೆ ನಾನು ಹೇಳಬೇಕಿಲ್ಲ.

ಆ ತಿಂಗಳುಗಳನ್ನು ಗಮನಿಸಿ. ಅರೇಬಿಕಾ ಕೊಯ್ಲು ಮುಗಿಯುತ್ತಾ ರೊಬಸ್ಟಾ ಕೊಯ್ಲು ನಡೆಯುವ ಕಾಲವೂ ಅದೇ, ಅಡಿಕೆ ಸುಲಿಯುವ ಕಾಲವೂ ಅದೇ, ಗೇರುಬೀಜ ಆಯುವ ಕಾಲವೂ ಅದೇ. ಹೊರಗಿನ ಜನ ಬಂದು ತುಂಬುವ ತಿಂಗಳುಗಳೂ ಉಣುಗಿನ ಮರಿಗಳು ಕಚ್ಚುವ ತಿಂಗಳುಗಳೂ ಒಂದೇ. ಇಲ್ಲಿ ಹುಟ್ಟಿದವನಿಗೆ ಉಣುಗು ಎಂದರೇನು, ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು ಎಂಬುದು ತಿಳಿದಿದೆ. ಬಯಲುಸೀಮೆಯವನಿಗೆ, ಅಸ್ಸಾಮಿನವನಿಗೆ ತಿಳಿದಿಲ್ಲ. ಅವನು ಒಲೆಗೆ ಸೌದೆ ಬೇಕೆಂದು ಕಾಡಿಗೆ ಹೋಗುತ್ತಾನೆ, ಹಾಸಿಕೊಳ್ಳಲು ದರಗು ಗುಡಿಸಿ ತರುತ್ತಾನೆ. 2015ರಿಂದೀಚೆಗೆ ಗೋವಾದ ಸತ್ತರಿ ತಾಲೂಕಿನಲ್ಲಿ ಈ ಕಾಯಿಲೆ ಕಾಣಿಸಿಕೊಂಡಾಗ ಅಲ್ಲಿ ಪೆಟ್ಟು ತಿಂದವರಲ್ಲಿ ಗೇರು ತೋಟದ ಕೂಲಿಗಳಿದ್ದರು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಕೆಲವರಿಗೆ ಜ್ವರ ಇಳಿದು, ಒಂದೆರಡು ವಾರ ಬಿಟ್ಟು ಮತ್ತೆ ಏರಿ ಮೆದುಳಿಗೆ ತಟ್ಟುತ್ತದೆ. ಕೊಯ್ಲು ಮುಗಿದು ಲೆಕ್ಕ ಚುಕ್ತಾ ಮಾಡಿಕೊಂಡು ಊರಿನ ರೈಲು ಹತ್ತಿದವನಿಗೆ ಎಲ್ಲಿ ಜ್ವರ ಬರುತ್ತದೆ? ಲಿಂಗಸುಗೂರಿನ ವೈದ್ಯರ ಮುಂದೆ, ಅಸ್ಸಾಮಿನ ಯಾವುದೋ ಊರಿನ ಔಷಧಿ ಅಂಗಡಿಯ ಮುಂದೆ ಅವನು ಕುಳಿತಿರುತ್ತಾನೆ. ಆ ವೈದ್ಯರಿಗೆ ಮಲೇರಿಯಾ, ಡೆಂಗಿ, ಟೈಫಾಯ್ಡ್ ಹೊಳೆಯುತ್ತದೆ. ಮಂಗನ ಕಾಯಿಲೆ ಹೊಳೆಯುವುದಿಲ್ಲ, ಹೊಳೆಯಬೇಕೆಂದು ನಿರೀಕ್ಷಿಸುವುದೂ ತಪ್ಪು. ಹಾಗೆ ಸತ್ತವನು ನಮ್ಮ ಯಾವ ತಾಲೂಕಿನ ಲೆಕ್ಕಕ್ಕೂ ಸೇರುವುದಿಲ್ಲ.

ಲಸಿಕೆಯ ವಿಷಯ. 1990ರಿಂದ ಕೊಡುತ್ತಿದ್ದ ಲಸಿಕೆಯನ್ನು, ಅದರ ಶಕ್ತಿ ಸಾಲದೆಂದು ಕಂಡುಬಂದ ಮೇಲೆ 2022ರಲ್ಲಿ ನಿಲ್ಲಿಸಲಾಯಿತು. ಅದರ ಕ್ರಮ ಹೇಗಿತ್ತೆಂದರೆ ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳಲ್ಲಿ ಇನ್ನೊಂದು ಸಲ, ಆಮೇಲೆ ವರ್ಷ ವರ್ಷ. ಮೂರು ತಿಂಗಳಿಗೆಂದು ಬಂದು ಹೋಗುವವನನ್ನು ಈ ಕ್ರಮ ಯಾವ ಕಾಲಕ್ಕೂ ಮುಟ್ಟುವಂತಿರಲಿಲ್ಲ. ಹೊಸ ಲಸಿಕೆಗಾಗಿ ನಾವೆಲ್ಲ ಒತ್ತಾಯಿಸುತ್ತಿದ್ದೇವೆ, ಸರಿಯೇ. ಅದು ಬಂದಾಗ ಪಂಚಾಯಿತಿಯ ಮನೆಪಟ್ಟಿ ಹಿಡಿದು ಹಂಚಿದರೆ ಲೈನಿನವರು ಮತ್ತೆ ಹೊರಗೇ ಉಳಿಯುತ್ತಾರೆ ಎಂಬುದನ್ನು ಈಗಲೇ ಆರೋಗ್ಯ ಇಲಾಖೆಗೆ ಬರೆದು ತಿಳಿಸಬೇಕಾಗಿದೆ.

ಇದೊಂದೇ ಅಲ್ಲ. ಕೊಡಗು, ಸಕಲೇಶಪುರಗಳಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವ ಕೂಲಿಯೇ ಆನೆಯ ಎದುರಿಗೆ ಮೊದಲು ಸಿಗುವವನು, ಜೀಪಿನಲ್ಲಿ ಹೋಗುವವರಲ್ಲ.

ಲೈನು ಎಲ್ಲಿದೆ ನೋಡಿ

ಹಳೆಯ ಎಸ್ಟೇಟುಗಳಲ್ಲಿ ಬಂಗಲೆ ದಿಬ್ಬದ ಮೇಲಿರುತ್ತದೆ, ಲೈನು ಹಳ್ಳದ ದಂಡೆಯಲ್ಲಿರುತ್ತದೆ. ನೀರು ಹತ್ತಿರ ಎಂಬುದೊಂದು ಕಾರಣ, ಗಿಡ ನೆಡಲು ಆಗದ ಜಾಗ ಎಂಬುದು ಇನ್ನೊಂದು. 2020ರ ಆಗಸ್ಟ್ 6ರ ರಾತ್ರಿ ಕೇರಳದ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಚಹಾ ತೋಟದ ಲೈನುಗಳನ್ನೇ ಮುಚ್ಚಿತು. 70 ಜನ ಹೋದರು. ಅವರು ತಮಿಳುನಾಡಿನಿಂದ ಬಂದ ಕುಟುಂಬಗಳವರು, ತಲೆಮಾರುಗಳಿಂದ ಅಲ್ಲಿ ದುಡಿದವರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ತೋಟದ ಕೆಲಸಗಾರರು ಅವರಲ್ಲಿದ್ದರು, ಚಾಮರಾಜನಗರ, ಮಂಡ್ಯಗಳ ಕಡೆಯ ಕನ್ನಡಿಗರೂ ಇದ್ದರು.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ ಮೇಲೆ ನಾವು ರಸ್ತೆ, ರೆಸಾರ್ಟು, ಇಳಿಜಾರು ಕಡಿದದ್ದು ಇವುಗಳ ಬಗ್ಗೆ ಸಾಕಷ್ಟು ಬರೆದೆವು. ಯಾವ ಇಳಿಜಾರಿನ ಬುಡದಲ್ಲಿ ಯಾವ ಲೈನು ಇದೆ, ಅಲ್ಲಿ ಮಳೆಗಾಲದಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬ ಪಟ್ಟಿ ಮಾಡುವುದು ಭೂಗರ್ಭಶಾಸ್ತ್ರದ ಕೆಲಸವಲ್ಲ. ಪ್ರತಿ ಊರಿನಲ್ಲಿ ಇಬ್ಬರು ಒಂದು ಭಾನುವಾರ ತಿರುಗಿದರೆ ಆಗುವ ಕೆಲಸ.

ಹೋದವರ ಮಾತು

ಇಲ್ಲಿಂದ ಇಳಿದು ಹೋದ ನಮ್ಮ ಮಕ್ಕಳ ಬಗ್ಗೆಯೂ ಎರಡು ಮಾತು ಹೇಳಬೇಕು. ಇಂಜಿನಿಯರ್ ಆದವರನ್ನು ಬಿಡಿ. ಬೆಂಗಳೂರಿನ ಹೋಟೆಲು, ಬೇಕರಿ, ಗೋದಾಮು, ಕಾವಲು ಕೆಲಸಗಳಲ್ಲಿರುವ ಮಲೆನಾಡಿನ ಹುಡುಗರು ಆರೇಳು ಮಂದಿ ಒಂದು ಕೋಣೆಯಲ್ಲಿ ಪಾಳಿಯ ಮೇಲೆ ಮಲಗುತ್ತಾರೆ. ಒಬ್ಬನಿಗೆ ಕ್ಷಯ ಬಂದರೆ ಆ ಕೋಣೆಗೇ ಬಂದಂತೆ. ಹುಷಾರಿಲ್ಲದಾಗ ಅವರು ಊರಿಗೆ ಬರುತ್ತಾರೆ, ಆರೈಕೆ ಮಾಡುವುದು ಅರವತ್ತು ದಾಟಿದ ತಾಯಿ. ರಾಯಚೂರಿನ ಹಳ್ಳಿಯಲ್ಲಿ ಅವಳ ವಾರಗೆಯ ಇನ್ನೊಬ್ಬ ತಾಯಿ ನಮ್ಮ ತೋಟದಿಂದ ಜ್ವರ ಹೊತ್ತು ತಂದ ಮಗನಿಗೆ ಅದನ್ನೇ ಮಾಡುತ್ತಿರುತ್ತಾಳೆ. ದುಡಿತದ ಲಾಭ ಒಂದು ಕಡೆ, ಕಾಯಿಲೆಯ ಖರ್ಚು ಇನ್ನೊಂದು ಕಡೆ ಸಂದಾಯವಾಗುವ ಏರ್ಪಾಡು ಇದು. ನಮ್ಮೂರು ಈ ಲೆಕ್ಕದ ಎರಡೂ ಬದಿಗಳಲ್ಲಿದೆ.

2016–17ರ ಕೇಂದ್ರ ಆರ್ಥಿಕ ಸಮೀಕ್ಷೆ ರೈಲು ಪ್ರಯಾಣದ ಲೆಕ್ಕ ಹಿಡಿದು ವರ್ಷಕ್ಕೆ ಸುಮಾರು 90 ಲಕ್ಷ ಜನ ಕೆಲಸಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಿದ್ದಾರೆಂದು ಅಂದಾಜು ಮಾಡಿತ್ತು. ರಾಜ್ಯದೊಳಗೇ ಓಡಾಡುವವರು ಆ ಅಂದಾಜಿನಲ್ಲಿಲ್ಲ. 2020ರ ಲಾಕ್‌ಡೌನಿನಲ್ಲಿ ಹೆದ್ದಾರಿಗಳ ಮೇಲೆ ನಡೆದು ಹೋದಾಗ ಮಾತ್ರ ದೇಶಕ್ಕೆ ಇವರೆಲ್ಲ ಒಟ್ಟಿಗೆ ಕಂಡರು.

ಈ ಹಂಗಾಮಿಗೆ ಆಗಬಹುದಾದದ್ದು

ಸರ್ಕಾರಕ್ಕೆ ಕೊಡಬೇಕಾದ ಮನವಿಯನ್ನು ಕಾರ್ಯದರ್ಶಿಗಳು ಮಧ್ಯಾಹ್ನ ಓದಲಿದ್ದಾರೆ. ರಾಜ್ಯದೊಳಗಿನ ವಲಸೆಯವರನ್ನೂ ಕಾನೂನಿನ ವ್ಯಾಪ್ತಿಗೆ ತರಬೇಕೆಂಬುದು ಅದರಲ್ಲಿ ಮುಖ್ಯ. ಅದು ಆಗುವಾಗ ಆಗಲಿ. ಬೆಳೆಗಾರರೇ ಆಗಿರುವ ನಾವು ಸರ್ಕಾರವನ್ನು ಕಾಯದೆ ಮಾಡಬಹುದಾದದ್ದು ಕೆಲವಿದೆ.

ತೋಟದಲ್ಲಿ ಕೊಯ್ಲಿನ ಜಾಗಕ್ಕೆ ಹತ್ತಿರ ಒಂದು ಮರೆಯ ಶೌಚಾಲಯ ಮತ್ತು ಕುದಿಸಿದ ನೀರು. ಒಲೆಗೆ ಸೌದೆಯನ್ನು ನಾವೇ ಒದಗಿಸುವುದು. ಅವರು ಕಾಡಿಗೆ ಹೋಗುವುದು ಅಷ್ಟರ ಮಟ್ಟಿಗೆ ತಪ್ಪುತ್ತದೆ, ಕಾಡಿಗೂ ಒಳ್ಳೆಯದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆಯನ್ನು ಮನೆಯವರ ಲೆಕ್ಕಕ್ಕೆ ಮಾತ್ರವಲ್ಲ, ಲೈನಿನವರ ಲೆಕ್ಕಕ್ಕೂ ಕೇಳಿ ತರುವುದು. ಎಷ್ಟು ಜನ ಬಂದಿದ್ದಾರೆಂದು ಆಶಾ ಕಾರ್ಯಕರ್ತೆಗೆ ತಿಳಿಸುವುದು. ದೇಶದ ಎಲ್ಲ ರಾಜ್ಯಗಳಲ್ಲೂ ಯಾವ ನ್ಯಾಯಬೆಲೆ ಅಂಗಡಿಯಿಂದಲಾದರೂ ಪಡಿತರ ಪಡೆಯುವ ವ್ಯವಸ್ಥೆ 2022ರ ಹೊತ್ತಿಗೆ ಬಂದಿದೆ. ಅಂಗಡಿಯವರು ಹೊರಗಿನ ಕಾರ್ಡು ಎಂದು ಹಿಂದಕ್ಕೆ ಕಳಿಸಿದರೆ ಜೊತೆಗೆ ಹೋಗಿ ನಿಲ್ಲುವುದು. ಅಸ್ಸಾಮಿನವರನ್ನು ಕಂಡೊಡನೆ ಗಡಿಯಾಚೆಯವರೆಂದು ಅನುಮಾನಿಸಿ ಬೆದರಿಸುವ ಚಾಳಿ ಕೆಲವೆಡೆ ಬೆಳೆದಿದೆ. ಪೊಲೀಸರ ಹೆದರಿಕೆಗೆ ಜ್ವರ ಬಂದವನು ಆಸ್ಪತ್ರೆಗೇ ಹೋಗದಿದ್ದರೆ ಅದರ ಹೊಣೆ ಯಾರದ್ದು?

ಕೊನೆಯದಾಗಿ ಒಂದು ಸಣ್ಣ ಚೀಟಿ. ಕೊಯ್ಲು ಮುಗಿಸಿ ಹೊರಡುವ ಪ್ರತಿಯೊಬ್ಬರ ಕೈಗೂ ಅದನ್ನು ಕೊಡಬೇಕು. ಇವರು ಇಂಥ ತಾಲೂಕಿನಲ್ಲಿ, ಇಂಥ ತಾರೀಕಿನವರೆಗೆ ಕೆಲಸ ಮಾಡಿದ್ದಾರೆ, ಇದು ಮಂಗನ ಕಾಯಿಲೆ ಇರುವ ಪ್ರದೇಶ, ಜ್ವರ ಬಂದರೆ ಆ ಕಾಯಿಲೆಯನ್ನೂ ಪರೀಕ್ಷಿಸಿ ಎಂದು ಅಲ್ಲಿನ ವೈದ್ಯರಿಗೆ ತಿಳಿಸುವ ಚೀಟಿ. ಕನ್ನಡ, ಹಿಂದಿ, ಇಂಗ್ಲಿಷ್‌ಗಳಲ್ಲಿ ಕರಡು ಸಿದ್ಧವಾಗಿದ್ದು ಹೊರಗಿನ ಮೇಜಿನ ಮೇಲೆ ಇಟ್ಟಿದೆ. ಅಸ್ಸಾಮಿ, ಬಂಗಾಳಿಗಳಲ್ಲಿ ಬರೆದುಕೊಡುವವರು ಬೇಕಾಗಿದ್ದಾರೆ. ನಿಮ್ಮ ಲೈನುಗಳಲ್ಲೇ ಅಂಥ ಓದು ಬಲ್ಲ ಹುಡುಗರು ಇದ್ದಾರೆ, ಕೇಳಿ ನೋಡಿ. ನಿಮ್ಮ ಊರಿಗೆ ಎಷ್ಟು ಪ್ರತಿ ಬೇಕೆಂದು ಹೋಗುವ ಮೊದಲು ಬರೆದಿಟ್ಟರೆ ಡಿಸೆಂಬರಿನೊಳಗೆ ಅಚ್ಚು ಹಾಕಿಸಬಹುದು.